ಹೆಣೆದ ಚೆಂಡು ಆಡುವದಕ್ಕಾಗಿ



ಈ ವರ್ಷ ನಮ್ಮ ಶಾಲೆಯಲ್ಲಿ ನಡೆದ ಕೈಗೆಲಸದ ಪ್ರದರ್ಶನದಲ್ಲಿ ಬಾಗಿಲ ತೋರಣಗಳು, ಮೇಜಿನ ಹೊದಿಕೆಗಳು, ಕೌದಿಗಳು, ಕಸೂತಿ ಹಾಕಿದ ಸೆರಗುಗಳು ಇವೇ ಮೊದಲಾದವುಗಳ ನಡುವೆ, ಎಂಟನೆಯ ಇಯತ್ತೆಯ ಬಾಲಿಕೆಯರು ಕ್ರೋಶಾ ಸೂಜಿಯಿಂದ ಹೆಣೆದು ಒಳಗೆ ಅರಿವೆಯ ಚಿಂದಿಯನ್ನು ತುಂಬಿದ ಸಣ್ಣ ಚೆಂಡುಗಳೂ ಇದ್ದವು. ಲಗೋರಿಯು ಈ ಬಾಲಿಕೆಯರ ಅಚ್ಚುಮೆಚ್ಚಿನ ಆಟ. ಆ ಆಟವನ್ನು ಮನಸ್ಸಿನಲ್ಲಿಟ್ಟುಕೊಂಡೇ ಅವರು ಈ ಚೆಂಡುಗಳನ್ನು ಹೆಣೆದರು. ನೋಡಲು ಬಂದ ಹಿರಿಯರಲ್ಲಿ ಕೆಲವರು ಬಹಳ ಮೆಚ್ಚಿಕೊಂಡು, "ಇಂಥ ಅಂದವಾದ ವಸ್ತುಗಳನ್ನು ಮಣ್ಣಿಗೆ ಹಾಕಬೇಡಿರಿ, ಗಾಜಿನ ಕಪಾಟಿನಲ್ಲಿ ಇಡಿರಿ" ಎಂದು ಬುದ್ಧಿ ಹೇಳಿದರು. ಅವರ ಮೆಚ್ಚುಗೆಗೆ ನಾವು ಋಣಿಗಳಾಗಿದ್ದೇವೆ. ಅವರ ಸಲಹೆಯನ್ನಾದರೋ ಒಪ್ಪಲಾರೆವು. ಒಪ್ಪದಿರುವದಕ್ಕೆ ಕಾರಣವನ್ನು ಈ ಸ್ಮರಣ ಸಂಚಿಕೆಯಲ್ಲಿ ತಿಳಿಸುವದು ನಮ್ಮ ಕರ್ತವ್ಯವೆಂದು ಭಾವಿಸುತ್ತೇವೆ. ಯಾಕಂದರೆ ಇದು ಒಂದು ಚೆಂಡಿನ ಮಾತಷ್ಟೇ ಅಲ್ಲ. ಹೆಣ್ಣುಮಕ್ಕಳಿಗೆ ನಾವು ಕೂಡ್ರುವದನ್ನು ಮಾತ್ರ ಕಲಿಸಬೇಕೋ, ಓಡುವದನ್ನೂ ಕಲಿಸಬೇಕೋ ಎಂಬ ಮಾತು.

ಮೊದಲು ಈ ಚೆಂಡು ಆಗುವ ಬಗೆಯನ್ನು ಹೇಳುವೆವು. ಆರು ಕುಣಿಕೆಗಳ ಒಂದು ಸಣ್ಣ ಬಳೆಯಿಂದ ಕೆಲಸ ಆರಂಭವಾಗುತ್ತದೆ. ಪ್ರತಿಯೊಂದು ಸುತ್ತಿಗೆ ಆರು ಕುಣಿಕೆಗಳನ್ನು ಸಮ ಅಂತರದಲ್ಲಿ ಹೆಚ್ಚಿಸುತ್ತ ಹೋದರೆ 12, 18, 24, 30, 36 ಎಂದು ಅದು ಬೆಳೆಯುತ್ತದೆ. ಬಳಿಕ ಹೆಚ್ಚು ಕಡಿಮೆ ಮಾಡದೆ ಆರು ಸುತ್ತು ಹೆಣೆಯಬೇಕು. ಆಮೇಲೆ ಏರಿದ ಕ್ರಮದಲ್ಲಿಯೇ ಇಳಿಯುತ್ತ 30, 24, 18, 12, 6ಕ್ಕೆ ಬಂದು ಬಾಯಿ ಮುಚ್ಚಬೇಕು. ಹೀಗೆ 17 ಸುತ್ತುಗಳಲ್ಲಿ 432 ಕುಣಿಕೆಗಳಾಗುತ್ತವೆ. ಬಾಯಿ ಮುಚ್ಚುವ ಮೊದಲು ಒಳಗೆ ತುಂಬಬೇಕು. ಬರಿಯ ಅರಳೆಯನ್ನು ತುಂಬಿದರೆ ನಾಲ್ಕು ಏಟಿಗೆ ಚೆಂಡು ಚಪ್ಪಟೆಯಾಗುತ್ತದೆ. ಹಳೆಯ ಅರಿವೆಯ ಪಟ್ಟಿಗಳನ್ನು ಬಿಗಿಯಾಗಿ ಸುತ್ತಿದ ಉಂಡೆಯನ್ನು ನಡುವೆ ಇಟ್ಟು, ಅದರ ಸುತ್ತಲೂ ಸಣ್ಣ ಚಿಂದಿಯನ್ನು ಒತ್ತಿದರೆ ಚೆಂಡಿಗೆ ತೂಕವೂ ದುಂಡಗಿನ ಆಕಾರವೂ ನಿಲ್ಲುತ್ತವೆ. ಕುಣಿಕೆಗಳು ಸಡಿಲವಾಗಿದ್ದರೆ ಚಿಂದಿಯು ಹೊರಗೆ ಇಣುಕುತ್ತದೆ. ಆದ್ದರಿಂದ ದಾರದ ದಪ್ಪಕ್ಕಿಂತ ತುಸು ಸಣ್ಣ ಸೂಜಿಯನ್ನೇ ಹಿಡಿಯಬೇಕು.

ಈ ಕೆಲಸದಲ್ಲಿ ಗಣಿತವಿದೆ, ತಾಳ್ಮೆಯಿದೆ, ಕೈಯ ಹದವಿದೆ. ಆದರೆ ಇವೆಲ್ಲವೂ ನಿಜವಾಗಿ ಬಂದಿವೆಯೋ ಇಲ್ಲವೋ ಎಂಬುದಕ್ಕೆ ಪರೀಕ್ಷಕರು ಯಾರು? ಕಪಾಟಿನಲ್ಲಿಟ್ಟ ಚೆಂಡಿನ ದೋಷವು ಎಂದಿಗೂ ಹೊರಬೀಳಲಾರದು. ಆಟದ ಬಯಲಿಗೆ ಇಳಿದ ಚೆಂಡಾದರೋ ಒಂದು ವಾರದೊಳಗೆ ತನ್ನ ಹೆಣಿಕೆಯ ಸತ್ಯವನ್ನು ತಾನೇ ಹೇಳುತ್ತದೆ. ಎಲ್ಲಿ ಬಿಚ್ಚಿತು, ಯಾಕೆ ಬಿಚ್ಚಿತು ಎಂದು ನೋಡಿ ಎರಡನೆಯ ಚೆಂಡನ್ನು ಹೆಣೆಯುವ ಬಾಲಿಕೆಯು, ಶಿಕ್ಷಕಿಯ ಮೆಚ್ಚುಗೆಗಾಗಿ ಹತ್ತು ಚೆಂಡು ಹೆಣೆದವಳಿಗಿಂತ ಹೆಚ್ಚು ಕಲಿಯುವಳೆಂದು ನಮ್ಮ ದೃಢವಾದ ಅಭಿಪ್ರಾಯ.

ಆಟವೂ ಕೈಗೆಲಸವೂ ಒಂದಕ್ಕೊಂದು ವೈರಿಗಳಲ್ಲವೆಂಬುದಕ್ಕೆ ನಮ್ಮ ಸೀಮೆಯಲ್ಲಿಯೇ ಸಾಕ್ಷಿಗಳಿವೆ. ನವಲಗುಂದದ ಜಮಖಾನೆಯನ್ನು ಅರಿಯದವರಾರು? ಅದನ್ನು ನೇಯುವವರು ಹೆಂಗಸರು. ನವಿಲು ಮೊದಲಾದ ಆಕೃತಿಗಳೊಡನೆ ಪಗಡೆಯಾಟದ ಹಾಸನ್ನೂ ಅವರು ತಮ್ಮ ನೇಯ್ಗೆಯಲ್ಲಿ ತಂದಿದ್ದಾರೆ. ಆಟದ ಮೇಲಿನ ಪ್ರೀತಿಯು ಮಗ್ಗವನ್ನೇರಿದ ಈ ಜಮಖಾನೆಗೆ 2011ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆಯಿತು. ಕಲಘಟಗಿಯ ಬಣ್ಣದ ತೊಟ್ಟಿಲನ್ನು ನೋಡಿರಿ. ಅದರಲ್ಲಿ ಎಷ್ಟು ಚಿತ್ರಗಳಿದ್ದರೂ ಕೂಸನ್ನು ಮಲಗಿಸಿ ತೂಗುವದಕ್ಕಾಗಿಯೇ ಅದು ಹುಟ್ಟಿತು. ಕೂಸಿಲ್ಲದ ತೊಟ್ಟಿಲಿಗೆ ಯಾವ ಶೋಭೆ? ಆಟವಿಲ್ಲದ ಚೆಂಡಿಗೆ ಯಾವ ಶೋಭೆ?

ಶಿಕ್ಷಕಿಯರಾಗಿ ತರಬೇತಿ ಹೊಂದಿದ ನಮ್ಮಂಥವರಿಗೆ ಇನ್ನೊಂದು ಸಾಕ್ಷಿಯು ನೆನಪಿಗೆ ಬರುತ್ತದೆ. ಜರ್ಮನಿಯ ಫ್ರೋಬೆಲ್ ಎಂಬ ಮಹನೀಯರು 1840ರಲ್ಲಿ ಚಿಕ್ಕ ಮಕ್ಕಳ ಶಾಲೆಗೆ ಕಿಂಡರ್‌ಗಾರ್ಟನ್ ಅಂದರೆ ಮಕ್ಕಳ ತೋಟ ಎಂಬ ಹೆಸರನ್ನು ಕೊಟ್ಟರು. ಮಕ್ಕಳ ಕೈಗೆ ಕ್ರಮವಾಗಿ ಕೊಡತಕ್ಕ ಆಟದ ಸಾಮಾನುಗಳನ್ನು ಅವರು 'ಕೊಡುಗೆ'ಗಳೆಂದು ಕರೆದರು. ಅವುಗಳಲ್ಲಿ ಮೊಟ್ಟಮೊದಲನೆಯದು ಯಾವದು? ಉಣ್ಣೆಯ ದಾರದಿಂದ ಹೆಣೆದ ಆರು ಮೆತ್ತನೆಯ ಚೆಂಡುಗಳು: ಕೆಂಪು, ಕಿತ್ತಳೆ, ಹಳದಿ, ಹಸುರು, ನೀಲಿ, ನೇರಿಳೆ. ಮರದ ಗೋಲ, ಘನಾಕೃತಿ, ಮುಂದಿನ ಸಾಮಾನುಗಳೆಲ್ಲ ಆ ಬಳಿಕ. ಶಿಶುಶಿಕ್ಷಣದ ಆ ಪದ್ಧತಿಯು ಹೆಣೆದ ಚೆಂಡಿನಿಂದ ಆರಂಭವಾಯಿತೆಂಬುದನ್ನು ಕೈಗೆಲಸವನ್ನು ಹಗುರಾಗಿ ಕಾಣುವವರೂ, ಆಟವನ್ನು ಹಗುರಾಗಿ ಕಾಣುವವರೂ ನೆನಪಿನಲ್ಲಿಡಬೇಕು.

ಆದರೆ ಕೈಗೆಲಸವನ್ನು ಅದರ ಉಪಯೋಗದಿಂದ ಅಗಲಿಸಿದರೆ ಏನಾಗುತ್ತದೆಂಬುದಕ್ಕೂ ಉದಾಹರಣೆಗಳು ಇಲ್ಲದಿಲ್ಲ. ಜಪಾನಿನಲ್ಲಿ ತೆಮಾರಿ ಎಂಬ ಚೆಂಡುಗಳಿವೆ. ತಾಯಂದಿರು ಹಳೆಯ ಬಟ್ಟೆಯ ಚೂರುಗಳನ್ನು ಉಂಡೆಮಾಡಿ, ಮೇಲೆ ಬಣ್ಣಬಣ್ಣದ ದಾರವನ್ನು ಸುತ್ತಿ, ತಮ್ಮ ಹೆಣ್ಣುಮಕ್ಕಳು ಆಡಲೆಂದು ಇವನ್ನು ಮಾಡುತ್ತಿದ್ದರು. ರಬ್ಬರಿನ ಚೆಂಡು ಬಂದ ಮೇಲೆ ತೆಮಾರಿಯು ಬಯಲನ್ನು ಬಿಟ್ಟು ಅಲಂಕಾರದ ವಸ್ತುವಾಯಿತು. ಇಂದು ಅದರ ಸೊಬಗಿಗೆ ಜಗತ್ತೇ ತಲೆದೂಗುತ್ತದೆ. ಆದರೆ ಅದರೊಡನೆ ಓಡುವ ಮಗು ಅಪರೂಪ. ನಮ್ಮ ನೆರೆಯ ಆಂಧ್ರದ ಗೋದಾವರಿ ತೀರದ ನರಸಾಪುರದ ಕಥೆಯು ಇದಕ್ಕಿಂತ ಗಂಭೀರವಾದದ್ದು. ಹತ್ತೊಂಬತ್ತನೆಯ ಶತಮಾನದಲ್ಲಿ ಅಲ್ಲಿಯ ಹೆಂಗಸರಿಗೆ ಕ್ರೋಶಾ ಲೇಸಿನ ಕೆಲಸವನ್ನು ಕಲಿಸಿದವರು ಮಿಶನರಿಗಳು. ಆ ಲೇಸು ಸಮುದ್ರವನ್ನು ದಾಟಿ ಮಾರಾಟವಾಯಿತು. ಮರಿಯಾ ಮೀಸ್ ಎಂಬ ಪಂಡಿತೆಯು 1982ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ತೋರಿಸಿಕೊಟ್ಟಂತೆ, ದಿನವೂ ಅನೇಕ ತಾಸು ಸೂಜಿ ಹಿಡಿದು ದುಡಿಯುತ್ತಿದ್ದ ಆ ಹೆಂಗಸರನ್ನು ಯಾರೂ ಕೆಲಸಗಾರರೆಂದು ಎಣಿಸಲಿಲ್ಲ. ಮನೆಯಲ್ಲಿ ಕೂತು ವೇಳೆ ಕಳೆಯುವ ಗೃಹಿಣಿಯರೆಂದೇ ಎಣಿಸಿದರು. ಕೂತು ಮಾಡುವ ಕೆಲಸವು ಹೆಣ್ಣಿಗೆ ಒಪ್ಪುವದೆಂದು ಹೊಗಳುವ ಬಾಯಿಯೇ ಅದಕ್ಕೆ ಬೆಲೆ ಕಟ್ಟುವಾಗ ಮೌನವಾಗುತ್ತದೆ. ನಮ್ಮ ಸೀಮೆಯಲ್ಲಿಯೂ ಕನ್ಯೆ ನೋಡಲು ಬಂದವರ ಮುಂದೆ ತೋರಣ, ಮೇಜಿನ ಹೊದಿಕೆಗಳನ್ನು ಹರವಿ, "ನಮ್ಮ ಹುಡುಗಿ ಬಹಳ ಸ್ಥಿರ, ಕೂತಲ್ಲಿಂದ ಏಳುವದಿಲ್ಲ" ಎಂದು ಹೇಳುವ ರೂಢಿಯಿತ್ತಷ್ಟೆ. ಕೂತಲ್ಲಿಂದ ಏಳದಿರುವದು ಒಂದು ಸದ್ಗುಣವೆಂದು ನಾವು ಭಾವಿಸುವದಿಲ್ಲ.

ಅಣ್ಣಿಗೇರಿ, ಕುಂದಗೋಳಗಳ ಕಡೆಯ ಹಳ್ಳಿಗಳಲ್ಲಾಗಲಿ, ಕಲಘಟಗಿಯ ಕಡೆಯ ಊರುಗಳಲ್ಲಾಗಲಿ ಹತ್ತು ವರ್ಷದ ಹುಡುಗಿಯು ಹುಡುಗರಿಗೆ ಸರಿಸಮವಾಗಿ ಓಡುತ್ತಾಳೆ. ಹದಿಮೂರು ತುಂಬುವದರೊಳಗೆ, "ಇನ್ನ ನೀ ದೊಡ್ಡಾಕಿ ಆದಿ, ಜಿಗದಾಡಬ್ಯಾಡ" ಎಂಬ ಮಾತು ಅವಳ ಕಿವಿಗೆ ಬೀಳುತ್ತದೆ. ಆಮೇಲೆ ವರ್ಷಕ್ಕೊಮ್ಮೆ ನಾಗರ ಪಂಚಮಿಯ ಜೋಕಾಲಿಯೇ ಅವಳ ಆಟ. ಇದು ನಮ್ಮ ಸೀಮೆಯೊಂದರ ಕೊರತೆಯಲ್ಲ. ಜಾಗತಿಕ ಆರೋಗ್ಯ ಸಂಸ್ಥೆಯವರು 2016ರ ಲೆಕ್ಕಗಳನ್ನು ಆಧರಿಸಿ 2019ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಜಗತ್ತಿನಲ್ಲಿ 11ರಿಂದ 17 ವಯಸ್ಸಿನ ಬಾಲಕರಲ್ಲಿ ನೂರಕ್ಕೆ 78 ಮಂದಿಗೂ ಬಾಲಿಕೆಯರಲ್ಲಿ ನೂರಕ್ಕೆ 85 ಮಂದಿಗೂ ದಿನಕ್ಕೆ ಬೇಕಾದ ಒಂದು ತಾಸಿನ ಅಂಗಚಲನೆಯೂ ದೊರೆಯುತ್ತಿರಲಿಲ್ಲ. ಎಲುಬು ಬಲಿಯುವ ವಯಸ್ಸು ಇದೇ. ಓಡಬೇಕಾದ ಈ ವಯಸ್ಸಿನಲ್ಲಿಯೇ ನಾವು ಅವಳನ್ನು ಕುಳ್ಳಿರಿಸುತ್ತೇವೆ.

ಧರ್ಮದ ಮಾತನ್ನೆತ್ತುವವರಿಗೆ ವಿನಯದಿಂದ ಒಂದು ಮಾತು. ಯೊಪ್ಪದ ತಬಿಥಾ ಎಂಬ ಶಿಷ್ಯೆಯು ವಿಧವೆಯರಿಗಾಗಿ ಉಡುಪುಗಳನ್ನು ಮಾಡಿಕೊಟ್ಟಳೆಂದು ಅಪೊಸ್ತಲರ ಕೃತ್ಯಗಳಲ್ಲಿ ಓದುತ್ತೇವೆ. ಸೂಜಿಯ ಕೆಲಸಕ್ಕೆ ಅವಳನ್ನು ಮಾದರಿಯಾಗಿ ತೋರಿಸುತ್ತಲೂ ಬಂದಿದ್ದೇವೆ. ಆದರೆ ಅವಳು ಮಾಡಿದ ಉಡುಪುಗಳು ತೊಡುವವರಿಗಾಗಿ ಇದ್ದವು, ತೋರಿಕೆಗಾಗಿ ಅಲ್ಲ. ಇನ್ನು ಜೆಕರ್ಯ ಪ್ರವಾದಿಯು ದೇವರು ಮರಳಿ ಕಟ್ಟಲಿರುವ ಪಟ್ಟಣವನ್ನು ವರ್ಣಿಸುವಾಗ, ಅದರ ಬೀದಿಗಳಲ್ಲಿ ಆಡುವ ಹುಡುಗರನ್ನಷ್ಟೇ ಅಲ್ಲ, ಹುಡುಗಿಯರನ್ನೂ ಹೆಸರಿಸಿ ಹೇಳಿದ್ದಾನೆ. ಸಮಾಧಾನವುಳ್ಳ ಊರಿನ ಗುರುತೇ ಅದು: ಅಲ್ಲಿ ಹುಡುಗಿಯು ನಿರ್ಭಯವಾಗಿ ಆಡುವಳು.

ಬೇರೆ ಆಟಗಳಿರಲಾಗಿ ಲಗೋರಿಯೇ ಏತಕ್ಕೆಂದರೆ, ಇದಕ್ಕೆ ರೊಕ್ಕ ಬೇಡ. ಒಂದರ ಮೇಲೊಂದು ಇಟ್ಟ ಏಳು ಚಪ್ಪಟೆ ಕಲ್ಲು, ಒಂದು ಚೆಂಡು ಸಾಕು. ಎರಿಮಣ್ಣಿನ ಹಳ್ಳಿಯಲ್ಲಿ ಕಲ್ಲು ಸಿಕ್ಕದಿದ್ದರೆ ಒಡೆದ ಹಂಚಿನ ತುಂಡುಗಳಾದರೂ ಆಗುತ್ತವೆ. ಒಂದು ಪಕ್ಷದವರು ಚೆಂಡಿನಿಂದ ಅವುಗಳನ್ನು ಕೆಡವಿ, ಮತ್ತೆ ಒಟ್ಟಬೇಕು. ಎದುರು ಪಕ್ಷದವರು ಅಷ್ಟರೊಳಗೆ ಅವರಿಗೆ ಚೆಂಡನ್ನು ತಾಗಿಸಬೇಕು. ಗುರಿಯಿಡುವವಳು, ಓಡುವವಳು, ಪ್ರಾಣಭಯವಿಲ್ಲದೆ ಬಾಗಿ ಕಲ್ಲು ಜೋಡಿಸುವವಳು ಎಲ್ಲರೂ ಬೇಕು. ಬಿದ್ದದ್ದನ್ನು ಕೂಡಿ ಎತ್ತಿ ನಿಲ್ಲಿಸಿದವರೇ ಇಲ್ಲಿ ಗೆಲ್ಲುವವರು. ಮೈಗೆ ತಾಗುವ ಚೆಂಡಾದ್ದರಿಂದ ಅದು ಮೆತ್ತಗಿರಬೇಕು. ಗಟ್ಟಿಯಾದ ರಬ್ಬರಿನ ಚೆಂಡು ಬೆನ್ನಿಗೆ ಬರೆ ಎಳೆಯುತ್ತದೆ, ಅದಕ್ಕಂಜಿ ಅನೇಕ ಹುಡುಗಿಯರು ಹಿಂದೆ ನಿಲ್ಲುತ್ತಾರೆ. ಚಿಂದಿ ತುಂಬಿದ ಹೆಣೆದ ಚೆಂಡಿಗೆ ಯಾರೂ ಅಂಜುವದಿಲ್ಲ. ಅಂಗಡಿಯಲ್ಲಿ ಹತ್ತಿಪ್ಪತ್ತು ರೂಪಾಯಿಗೆ ಚೆಂಡು ಸಿಕ್ಕುವಾಗ ಹೆಣೆಯುವದೇತಕ್ಕೆಂದು ಕೇಳುವವರಿಗೆ ಇದೇ ನಮ್ಮ ಉತ್ತರ.

ಕೆಲವು ಪಾಲಕರು ಪರೀಕ್ಷೆಯ ಚಿಂತೆಯನ್ನು ಮುಂದಿಡುತ್ತಾರೆ. ಕೈಗೆಲಸದ ತಾಸನ್ನೂ ಆಟದ ತಾಸನ್ನೂ ತೆಗೆದು ಎಸ್‌ಎಸ್‌ಎಲ್‌ಸಿ ಪರೀಕ್ಷೆಯ ಗಣಿತ ವಿಜ್ಞಾನಗಳಿಗೆ ಕೊಡಿರೆಂದು ಅವರ ಬೇಡಿಕೆ. ಮಗಳು ಮುಂದೆ ಬರಲೆಂಬ ಅವರ ಆತುರವನ್ನು ನಾವು ಗೌರವಿಸುತ್ತೇವೆ. ಹೊಲದ ಸಾಲವನ್ನು ಹೊತ್ತುಕೊಂಡೇ ಮಗಳನ್ನು ಓದಿಸುವ ತಂದೆಯ ಕಷ್ಟವನ್ನು ನಾವು ಬಲ್ಲೆವು. ಆದರೆ 1937ರಲ್ಲಿ ವರ್ಧಾದಲ್ಲಿ ಕೂಡಿದ ಪರಿಷತ್ತಿನಲ್ಲಿ ಮಹಾತ್ಮಾ ಗಾಂಧಿಯವರು ಕೈಕಸಬಿನ ಮೂಲಕವೇ ಶಿಕ್ಷಣವಾಗಬೇಕೆಂದು ಪ್ರತಿಪಾದಿಸಿದ್ದು ಓದನ್ನು ಕಡಿಮೆ ಮಾಡುವದಕ್ಕಲ್ಲ, ಅದನ್ನು ಗಟ್ಟಿಗೊಳಿಸುವದಕ್ಕೆ. ಆರಾರಾಗಿ ಏರಿಸಿ ಇಳಿಸಿ ಗೋಲವನ್ನು ಕೈಯಾರೆ ಮಾಡಿದ ಹುಡುಗಿಗೆ ಸಮಾಂತರ ಶ್ರೇಢಿಯ ಪಾಠವು ಅಪರಿಚಿತವಾಗಿರುವದಿಲ್ಲ. ಒಂದು ತಾಸು ಓಡಿ ಬಂದವಳು ದೀಪ ಹಚ್ಚಿದ ಮೇಲೆ ತೂಕಡಿಸದೆ ಓದುವಳೆಂಬುದು ವಸತಿಗೃಹವನ್ನು ನೋಡಿಕೊಂಡವರಿಗೆಲ್ಲ ಗೊತ್ತಿದ್ದ ಮಾತು.

ಇನ್ನು ಚೆಂಡು ಹೊಲಸಾಗುವದೆಂಬ ಮಾತು. ಆಗಲಿ! ಕೈ ಕೆಸರಾದರೆ ಬಾಯಿ ಮೊಸರೆಂದು ಮಕ್ಕಳಿಗೆ ಕಲಿಸುವವರು ಚೆಂಡಿಗೆ ಕೆಸರು ತಗಲಿತೆಂದು ಮರುಗುವದು ತರವಲ್ಲ. ಹತ್ತಿಯ ದಾರದ ಚೆಂಡನ್ನು ತೊಳೆದು ಬಿಸಿಲಿಗೆ ಹಾಕಿದರೆ ಮತ್ತೆ ಆಟಕ್ಕೆ ಸಿದ್ಧ.

ಆದ್ದರಿಂದ ಮುಂದಿನ ವರ್ಷದಿಂದ ನಾವು ಒಂದು ಕ್ರಮವನ್ನಿಡಬೇಕೆಂದಿದ್ದೇವೆ. ಎರಿಮಣ್ಣು ಕಾಲಿಗೆ ಅಂಟುವ ಮಳೆಯ ತಿಂಗಳುಗಳಲ್ಲಿ ಎಂಟನೆಯ ಇಯತ್ತೆಯ ಪ್ರತಿಯೊಬ್ಬ ಬಾಲಿಕೆಯು ಒಂದು ಚೆಂಡನ್ನು ಹೆಣೆಯುವಳು. ದಸರೆಯ ರಜೆ ಮುಗಿದು ಬಯಲು ಒಣಗಿದ ಮೇಲೆ ಆ ಚೆಂಡುಗಳಿಂದಲೇ ಲಗೋರಿಯ ಪಂದ್ಯಗಳು ನಡೆಯುವವು. ಕೈಗೆಲಸದ ಅಂಕಗಳನ್ನು ಪಂದ್ಯಗಳು ಮುಗಿದ ಬಳಿಕ ಕೊಡಲಾಗುವದು. ಬಿಚ್ಚಿದ ಚೆಂಡನ್ನು ಸರಿಪಡಿಸಿ ತಂದವಳಿಗೆ ಅಂಕ ಕಡಿಮೆಯಾಗದು. ಗಾಜಿನ ಕಪಾಟಿನಲ್ಲಿ ಸ್ಥಳವಿದ್ದರೆ, ಆಡಿ ಆಡಿ ಸವೆದ ಚೆಂಡುಗಳನ್ನು ಅಲ್ಲಿಡುವೆವು.

ಹಳೆಯ ವಿದ್ಯಾರ್ಥಿನಿಯರೇ, ನಿಮ್ಮ ಮನೆಯಲ್ಲಿ ಉಳಿದ ದಾರವನ್ನೂ ಹರಿದ ಅರಿವೆಯನ್ನೂ ಶಾಲೆಗೆ ಕಳಿಸಿಕೊಡಿರಿ. ಪಂದ್ಯದ ದಿವಸ ಬರಿಯ ಪ್ರೇಕ್ಷಕರಾಗಿ ಬರಬೇಡಿರಿ, ಸೆರಗು ಕಟ್ಟಿ ಒಂದು ಪಕ್ಷವಾಗಿ ಬನ್ನಿರಿ. ಪಾಲಕರೇ, ನಿಮ್ಮಲ್ಲಿ ನಮ್ಮ ಬೇಡಿಕೆಯು ಇದಕ್ಕಿಂತ ದೊಡ್ಡದು. ನಿಮ್ಮ ಮಗಳು ಚೆಂಡನ್ನು ಹಿಡಿದು ಮನೆಗೆ ಬಂದಾಗ ಅದನ್ನು ದೇವರ ಮಾಡದಲ್ಲಿಯೋ ಗಾಜಿನ ಪೆಟ್ಟಿಗೆಯ ಮೇಲೆಯೋ ಇಡಬೇಡಿರಿ. ಹೊತ್ತು ಮುಳುಗುವ ಮುಂಚೆ ಅರ್ಧ ತಾಸು ಅವಳ ಕೈಯ ಕೊಡವನ್ನೂ ಕಸಬರಿಗೆಯನ್ನೂ ತಪ್ಪಿಸಿ, ಓಣಿಯ ಗೆಳತಿಯರೊಡನೆ ಆಡಗೊಡಿರಿ. ಅವಳ ತಮ್ಮನಿಗೆ ಕೇಳದೆಯೇ ದೊರೆಯುವ ಅರ್ಧ ತಾಸು ಅದು. ಅವಳಿಗೂ ಕೇಳದೆಯೇ ದೊರೆಯಲಿ.