ಖಾಲಿದ್ ಜಮೀಲ್‌ಗೊಂದು ಅಳತೆ, ಬೇರೆಯವರಿಗೊಂದು ಅಳತೆ ಯಾಕೆ?

ಢಾಕಾದಲ್ಲಿ ಬಾಂಗ್ಲಾದೇಶದ ಎದುರು ಭಾರತ 0-1ರಿಂದ ಸೋತ ಮೇಲೆ ಫುಟ್‌ಬಾಲ್ ಹುಚ್ಚಿರೋ ಗೆಳೆಯರ ನಡುವೆ ಜಗಳ ಜೋರಾಗಿದೆ. 22 ವರ್ಷಗಳ ನಂತರ ಅವರ ಕೈಲಿ ಸೋತಿದ್ದೀವಿ. ಸಿಟ್ಟು ಬರೋದು ಸಹಜ, ನನಗೂ ಬಂದಿದೆ. ಆದರೆ ಆ ಸಿಟ್ಟಿನ ನಡುವೆ ಮತ್ತೆ ಮತ್ತೆ ಕೇಳಿಬರ್ತಿರೋ ಒಂದು ಮಾತಿನ ಬಗ್ಗೆ ಬರೆಯಲೇಬೇಕು ಅನ್ನಿಸ್ತು. "ನಮ್ಮ ಕೋಚ್‌ಗಳಿಗೆ ಅಷ್ಟು ಯೋಗ್ಯತೆ ಇಲ್ಲ ಕಣ್ರೀ, ಹೊರಗಿನವರನ್ನ ತರಿಸಬೇಕು."

ಸರಿಯಾಗಿ ಕೇಳಿಸಿಕೊಳ್ಳಿ. ಖಾಲಿದ್ ಜಮೀಲ್ ಅನ್ನೋ ಒಬ್ಬ ಮನುಷ್ಯನ ಹೆಸರೇ ಇಲ್ಲಿಲ್ಲ. ಸೋತವನು ಒಬ್ಬ, ಯೋಗ್ಯತೆ ಕಳೆದುಕೊಂಡವರು ಎಲ್ಲರೂ!

ಲೆಕ್ಕ ನೋಡೋಣ ಬನ್ನಿ. ಕ್ರೊಯೇಷಿಯಾದ ಇಗೋರ್ ಸ್ಟಿಮ್ಯಾಕ್ 2019ರಿಂದ 2024ರವರೆಗೆ ಐದು ವರ್ಷ ಕೋಚ್ ಆಗಿದ್ದರು. 2023ರಲ್ಲಿ ನಮ್ಮ ಕಂಠೀರವ ಕ್ರೀಡಾಂಗಣದಲ್ಲೇ ಸ್ಯಾಫ್ ಕಪ್ ಗೆಲ್ಲಿಸಿದರು, ಅದನ್ನ ಮರೆಯಲ್ಲ. ಆದರೆ 2024ರ ಏಷ್ಯನ್ ಕಪ್‌ನಲ್ಲಿ ಮೂರಕ್ಕೆ ಮೂರೂ ಸೋಲು, ಒಂದೇ ಒಂದು ಗೋಲೂ ಇಲ್ಲ. ಅದೇ ಮಾರ್ಚ್‌ನಲ್ಲಿ ಗುವಾಹಟಿಯಲ್ಲಿ ಅಫ್ಘಾನಿಸ್ತಾನದ ಎದುರು ಸೋಲು. ಕೊನೆಗೆ ತೆಗೆದಾಗ ಫೆಡರೇಶನ್ 4 ಲಕ್ಷ ಡಾಲರ್ ಪರಿಹಾರ ಕೊಡಬೇಕಾಯ್ತು. ಆಮೇಲೆ ಬಂದ ಸ್ಪೇನ್‌ನ ಮನೋಲೊ ಮಾರ್ಕ್ವೆಜ್ ಅವರದು 8 ಪಂದ್ಯ, 1 ಗೆಲುವು. ಅದೂ ಮಾಲ್ಡೀವ್ಸ್ ಮೇಲೆ.

ಇವರು ಸೋತಾಗ "ಕ್ರೊಯೇಷಿಯಾದವರಿಗೆ ಫುಟ್‌ಬಾಲ್ ಬರಲ್ಲ", "ಸ್ಪೇನ್‌ನವರಿಗೆ ಯೋಗ್ಯತೆ ಇಲ್ಲ" ಅಂತ ಯಾರಾದ್ರೂ ಅಂದ್ರಾ? ಇಲ್ಲ. "ಟೈಮ್ ಕೊಡಿ, ತಂಡ ಕಟ್ತಿದ್ದಾರೆ" ಅಂದ್ರು. ಸ್ಟಿಮ್ಯಾಕ್ ಸೋತರೆ ಸ್ಟಿಮ್ಯಾಕ್ ಸೋತ. ಖಾಲಿದ್ ಸೋತರೆ ಭಾರತದ ಕೋಚ್‌ಗಳೆಲ್ಲ ಸೋತರು. ಈ ಲೆಕ್ಕ ಎಲ್ಲಿಂದ ಬರುತ್ತೆ ಅಂತ ಈ ಪೋಸ್ಟ್ ಓದ್ತಿರೋ ನಿಮಗೆ ನಾನು ಬಿಡಿಸಿ ಹೇಳಬೇಕಿಲ್ಲ.

ಖಾಲಿದ್ ಹೇಗೆ ಇಲ್ಲಿಗೆ ಬಂದ್ರು ಅಂತಲೂ ನೋಡಿ. 2017ರಲ್ಲಿ ಮಿಜೋರಾಂನ ಐಜಾಲ್ ಎಂಬ ಸಣ್ಣ ಕ್ಲಬ್ಬನ್ನ ಐ-ಲೀಗ್ ಚಾಂಪಿಯನ್ ಮಾಡಿದ್ರು. ದೊಡ್ಡ ದುಡ್ಡಿನ ಕ್ಲಬ್‌ಗಳು ನೋಡ್ತಾ ನಿಂತಿದ್ವು. 2021ರಲ್ಲಿ ನಾರ್ತ್‌ಈಸ್ಟ್ ಯುನೈಟೆಡ್ ವಿದೇಶಿ ಕೋಚ್‌ನ ತೆಗೆದು ಇವರನ್ನ "ಹಂಗಾಮಿ" ಅಂತ ಕೂರಿಸ್ತು. ಇವರು ತಂಡವನ್ನ ಐಎಸ್‌ಎಲ್ ಸೆಮಿಫೈನಲ್‌ಗೆ ಒಯ್ದರು. 2023ರಲ್ಲಿ ಗೋವಾದ ಕ್ಲಿಫರ್ಡ್ ಮಿರಾಂಡಾ ಕೂಡ ಒಡಿಶಾ ತಂಡಕ್ಕೆ ಹಂಗಾಮಿ ಕೋಚ್. ಸೂಪರ್ ಕಪ್ ಫೈನಲ್‌ನಲ್ಲಿ ನಮ್ಮ ಬೆಂಗಳೂರು ಎಫ್‌ಸಿಯನ್ನೇ ಸೋಲಿಸಿ ಕಪ್ ಗೆದ್ದುಕೊಟ್ರು. ಮುಂದಿನ ಸೀಸನ್‌ಗೆ ಕೋಚ್ ಯಾರು? ಸ್ಪೇನ್‌ನ ಸೆರ್ಜಿಯೊ ಲೊಬೆರಾ.

ನಾವು ಕಚೇರಿಯಲ್ಲಿ ಇದಕ್ಕೆ "ಪ್ರಭಾರ" ಅಂತೀವಿ. ಫೈಲು ಹೊರೋದು ನೀನು, ಸಹಿ ಹಾಕೋದು ನೀನು, ಬೈಸಿಕೊಳ್ಳೋದೂ ನೀನೇ. ಹುದ್ದೆ ಮಾತ್ರ ನಿನ್ನದಲ್ಲ. ಭಾರತದ ಕೋಚ್‌ಗಳು ವರ್ಷಗಟ್ಟಲೆ ಪ್ರಭಾರದಲ್ಲೇ ಬದುಕಿದ್ದಾರೆ. ರಾಷ್ಟ್ರೀಯ ತಂಡದಲ್ಲಂತೂ ಸಾವಿಯೊ ಮೆಡೈರಾ ಆದ ಮೇಲೆ ಮತ್ತೊಬ್ಬ ಭಾರತೀಯನಿಗೆ ಆ ಕುರ್ಚಿ ಸಿಗೋಕೆ 13 ವರ್ಷ ಬೇಕಾಯ್ತು.

ಹಾಗಂತ "ನಮ್ಮವರು" ಅಂತ ಖಾಲಿದ್‌ರನ್ನ ತಲೆ ಮೇಲೆ ಹೊತ್ಕೊಂಡು ಕುಣಿಯೋಕೆ ನಾನು ತಯಾರಿಲ್ಲ. ತಪ್ಪುಗಳಿವೆ. ಆಗಸ್ಟ್ 1ಕ್ಕೆ ನೇಮಕ, 29ಕ್ಕೆ ಮೊದಲ ಪಂದ್ಯ. ತಜಿಕಿಸ್ತಾನವನ್ನ ಅವರ ನೆಲದಲ್ಲೇ ಸೋಲಿಸಿ, ಪೆನಾಲ್ಟಿಯಲ್ಲಿ ಒಮಾನ್ ವಿರುದ್ಧ ಗೆದ್ದು ಕಾಫಾ ಟೂರ್ನಿಯಲ್ಲಿ ಮೂರನೇ ಸ್ಥಾನ. ಆರಂಭ ಚೆನ್ನಾಗಿತ್ತು. ಆದರೆ ಅಕ್ಟೋಬರ್ 14ರಂದು ಗೋವಾದಲ್ಲಿ ಸಿಂಗಾಪುರದ ವಿರುದ್ಧ 1-0 ಮುಂದಿದ್ದೂ 1-2ರಿಂದ ಸೋತು, 2027ರ ಏಷ್ಯನ್ ಕಪ್‌ನಿಂದಲೇ ಹೊರಬಿದ್ವಿ. ಹಿಂದೆ ನಿಂತು ಕಾಯೋದು, ಸಿಕ್ಕ ಅವಕಾಶಕ್ಕೆ ನುಗ್ಗೋದು ಅವರ ಹಳೇ ಆಟ. ಐಜಾಲ್‌ಗೆ ಅದು ಸರಿ. ನಮ್ಮ ಮನೆ ಅಂಗಳದಲ್ಲಿ ಗೆಲ್ಲಲೇಬೇಕಾದ ಪಂದ್ಯಕ್ಕೆ ಅದು ಸಾಲಲ್ಲ.

ಸುನಿಲ್ ಚೆಟ್ರಿ ವಿಷಯದಲ್ಲೂ ಗೊಂದಲ. ಕಾಫಾಗೆ ಬೇಡ, ಸಿಂಗಾಪುರಕ್ಕೆ ಬೇಕು, ಢಾಕಾಗೆ ಬೇಡ. 41 ವರ್ಷದ ಆಟಗಾರನನ್ನ ಕರೆದಿದ್ದು ಅವರ ತಪ್ಪು ಅಂತ ಪೂರ್ತಿ ಹೇಳಕ್ಕಾಗಲ್ಲ. 2024-25ರ ಐಎಸ್‌ಎಲ್‌ನಲ್ಲಿ ಭಾರತೀಯರ ಪೈಕಿ ಅತಿ ಹೆಚ್ಚು ಗೋಲು ಹೊಡೆದವರು ಅವರೇ, 14. ಕ್ಲಬ್‌ಗಳು ಮುಂದಿನ ಸಾಲಿಗೆ ವಿದೇಶಿಯರನ್ನ ತಂದು ನಿಲ್ಲಿಸ್ತವೆ, ನಮ್ಮ ಹುಡುಗರು ಬೆಂಚಿನ ಮೇಲೆ. ಮತ್ತೆ ರಾಷ್ಟ್ರೀಯ ತಂಡಕ್ಕೆ ಸ್ಟ್ರೈಕರ್ ಎಲ್ಲಿಂದ ಹುಟ್ಟಬೇಕು? ಆಸ್ಟ್ರೇಲಿಯಾದ ಪಾಸ್‌ಪೋರ್ಟ್ ಬಿಟ್ಟು ಬಂದ ರಯಾನ್ ವಿಲಿಯಮ್ಸ್ ಬರಲಿ, ಸ್ವಾಗತ. ಒಬ್ಬರು ಬಂದ ತಕ್ಷಣ ಆ ಬೆಂಚು ಖಾಲಿಯಾಗಲ್ಲ.

ಇನ್ನು ಲೀಗಿನ ಕಥೆ. ಒಪ್ಪಂದದ ಜಗಳದಲ್ಲಿ 2025ರಲ್ಲಿ ಐಎಸ್‌ಎಲ್ ಸಮಯಕ್ಕೆ ಶುರುವಾಗಲೇ ಇಲ್ಲ. ಆಗಸ್ಟ್‌ನಲ್ಲಿ ಬೆಂಗಳೂರು ಎಫ್‌ಸಿ ಆಟಗಾರರ ಸಂಬಳ ನಿಲ್ಲಿಸಿತು. ಕಾಫಾ ಟೂರ್ನಿಗೆ ಮೋಹನ್ ಬಗಾನ್ ತನ್ನ ಆಟಗಾರರನ್ನ ಬಿಡಲೇ ಇಲ್ಲ. ಇಟ್ಟಿಗೆ ಗಾಡಿ ಬಂದಿಲ್ಲ, ಸಿಮೆಂಟ್ ಬಂದಿಲ್ಲ, ಗೋಡೆ ಯಾಕೆ ಎದ್ದಿಲ್ಲ ಅಂತ ಮೇಸ್ತ್ರಿನ ಬೈತಿದ್ದೀವಿ.

"ಭಾರತೀಯ ಕೋಚ್ ಕೈಲಿ ತಂಡ ಕಟ್ಟೋಕೆ ಆಗಲ್ಲ" ಅನ್ನೋರಿಗೆ ಒಂದು ಹಳೇ ಲೆಕ್ಕ ಕೊಡ್ತೀನಿ. 1952, ಹೆಲ್ಸಿಂಕಿ ಒಲಿಂಪಿಕ್ಸ್. ಯುಗೊಸ್ಲಾವಿಯಾ ಎದುರು ಭಾರತ 1-10ರಿಂದ ಸೋತಿತು. ಹತ್ತು ಗೋಲು ಸ್ವಾಮಿ! ನಮ್ಮ ಆ ಒಂದು ಗೋಲು ಹೊಡೆದವರು ಬೆಂಗಳೂರಿನ ಅಹ್ಮದ್ ಖಾನ್. ಕೋಚ್ ಯಾರು? ಹೈದರಾಬಾದಿನ ಮೇಷ್ಟ್ರು ಸೈಯದ್ ಅಬ್ದುಲ್ ರಹೀಂ. ಅವತ್ತು ಈಗಿನ ನಮ್ಮ ಸಿಟ್ಟು ಇದ್ದಿದ್ರೆ ರಹೀಂ ಸಾಹೇಬರ ಕಥೆ ಅಲ್ಲೇ ಮುಗೀತಿತ್ತು. ಆದರೆ 1956ರಲ್ಲಿ ಮೆಲ್ಬರ್ನ್‌ಗೂ ಅವರೇ ಹೋದರು. ಆಸ್ಟ್ರೇಲಿಯಾವನ್ನ 4-2ರಿಂದ ಸೋಲಿಸಿ ಭಾರತ ಒಲಿಂಪಿಕ್ಸ್ ಸೆಮಿಫೈನಲ್ ತಲುಪಿತು. 1962ರಲ್ಲಿ ಜಕಾರ್ತಾದಲ್ಲಿ ದಕ್ಷಿಣ ಕೊರಿಯಾವನ್ನ ಸೋಲಿಸಿ ಏಷ್ಯನ್ ಗೇಮ್ಸ್ ಚಿನ್ನ. 1-10ರಿಂದ ಚಿನ್ನಕ್ಕೆ ಹತ್ತು ವರ್ಷ.

ಖಾಲಿದ್ ಇನ್ನೊಬ್ಬ ರಹೀಂ ಆಗ್ತಾರೆ ಅಂತ ನಾನು ಹೇಳ್ತಿಲ್ಲ. ಆಗದೇ ಇರಬಹುದು. ನಾನು ಕೇಳ್ತಿರೋದು ಒಂದೇ, ಅಳತೆಗೋಲು ಎಲ್ಲರಿಗೂ ಒಂದೇ ಇರಲಿ. ಇಗೋರ್‌ಗೆ ಕೊಟ್ಟ ಐದು ವರ್ಷದಲ್ಲಿ ಎರಡಾದರೂ ಇವರಿಗೆ ಕೊಡಿ. ಬದಲಿಗೆ ಫೆಡರೇಶನ್‌ನಿಂದ ಮತ್ತು ಖಾಲಿದ್‌ರಿಂದ ಒಂದು ಯೋಜನೆ ಕೇಳಿ. 2031ರ ಏಷ್ಯನ್ ಕಪ್‌ಗೆ ಯಾವ ಹುಡುಗರನ್ನ ಬೆಳೆಸ್ತೀರಿ? ಅವರಿಗೆ ವರ್ಷಕ್ಕೆ ಎಷ್ಟು ಪಂದ್ಯ ಸಿಗುತ್ತೆ? ಲೀಗ್ ಯಾವಾಗ? 2025ರ ಸೆಪ್ಟೆಂಬರ್‌ನಲ್ಲಿ ನಮ್ಮ 23ರೊಳಗಿನ ತಂಡ ಬಹ್ರೇನ್ ಅನ್ನು 2-0ಯಿಂದ ಸೋಲಿಸಿತು. ಆ ತಂಡದ ಕೋಚ್ ನೌಶಾದ್ ಮೂಸಾ ಕೂಡ ಭಾರತೀಯರೇ. ಈ ಹುಡುಗರು ನಮ್ಮ ಜಗಳದಲ್ಲಿ ಎಲ್ಲೂ ಕಾಣಿಸ್ತಿಲ್ಲ.

ಅರ್ಹತಾ ಸುತ್ತಿನ ಕೊನೇ ಪಂದ್ಯ 2026ರ ಮಾರ್ಚ್‌ನಲ್ಲಿ ಹಾಂಗ್‌ಕಾಂಗ್ ವಿರುದ್ಧ. ಗೆದ್ದರೂ ಏಷ್ಯನ್ ಕಪ್ ಸಿಗಲ್ಲ, ಹಾಗಾಗಿ ಹೊಸಬರನ್ನ ಇಳಿಸೋಕೆ ಇದಕ್ಕಿಂತ ಒಳ್ಳೇ ದಿನ ಇಲ್ಲ. ಅವತ್ತು ಸ್ಕೋರ್ ನೋಡೋ ಮುಂಚೆ ಹನ್ನೊಂದು ಜನರ ಪಟ್ಟಿ ನೋಡಿ, ಹೊಸ ಹುಡುಗರು ಎಷ್ಟು ಜನ ಇದ್ದಾರೆ ಎಣಿಸಿ. ಅದರಲ್ಲೂ ಹಳೇ ಹೆಸರುಗಳೇ ಇದ್ದರೆ ನಾನೂ ನಿಮ್ಮ ಜೊತೆ ಸೇರಿ ಖಾಲಿದ್‌ರನ್ನ ಪ್ರಶ್ನೆ ಮಾಡ್ತೀನಿ.

ಪ್ರಶ್ನೆ ಖಾಲಿದ್‌ಗೆ ಕೇಳೋಣ. ಅವರ ಹಿಂದೆ ಸಾಲಲ್ಲಿ ನಿಂತಿರೋ ಎಲ್ಲ ಪ್ರಭಾರಿಗಳ ಯೋಗ್ಯತೆಗೆ ಕೈ ಹಾಕೋದು ಬೇಡ.