ಗುಂಡಿ ಹಾಕುವುದೂ ಒಂದು ಉದ್ಯೋಗ

ಆಟಿಸಂ ಇರುವವರಿಗೆ ನೀಡುವ ಆಕ್ಯುಪೇಷನಲ್ ಥೆರಪಿಯನ್ನು ನೌಕರಿ ಕಲಿಸುವ ವಿದ್ಯೆಯೆಂದು ನಮ್ಮಲ್ಲಿ ಹಲವರು ಭಾವಿಸಿದ್ದಾರೆ. ಇಲ್ಲಿ ಉದ್ಯೋಗವೆಂದರೆ ಉಣ್ಣುವುದು, ಮೀಯುವುದು, ಅಂಗಿಯ ಗುಂಡಿ ಹಾಕುವುದು. ಬೆಳೆದವರಿಗಾದರೆ ಬಸ್ಸು ಹಿಡಿಯುವುದು, ಸಂತೆ ಮಾಡುವುದು.

ಮಿಕ್ಸರಿನ ಸದ್ದಿಗೆ ಚೀರುವ, ಹೊಸ ಅಂಗಿಯನ್ನು ಕಿತ್ತೆಸೆಯುವ ಮಗುವನ್ನು ನಾವು ಹಟಮಾರಿಯೆಂದು ಬಡಿಯುತ್ತೇವೆ. ಇದು ಕಾರಣವನ್ನರಿಯದೆ ಕಾರ್ಯವನ್ನು ದಂಡಿಸಿದಂತೆ. ಯಾವ ಸದ್ದು, ಯಾವ ಸ್ಪರ್ಶ ಅದಕ್ಕೆ ಅಸಹನೀಯವೆಂಬುದನ್ನು ಚಿಕಿತ್ಸಕರು ಮೊದಲು ಗಮನಿಸುತ್ತಾರೆ. ಬಳಿಕ ಅಂಗಿಯ ಕೊರಳಿಗೆ ಚುಚ್ಚುವ ಚೀಟಿಯನ್ನು ಕತ್ತರಿಸಲು, ಸ್ನಾನದ ಹಂತಗಳನ್ನು ಚಿತ್ರಗಳಾಗಿ ಗೋಡೆಗೆ ಅಂಟಿಸಲು ತಾಯಿಗೆ ಹೇಳಿಕೊಡುತ್ತಾರೆ. ಆಟಿಸಂ ಇದರಿಂದ ಅಳಿಯದು; ದಿನವು ಹಗುರವಾದೀತು. ಗುಣಪಡಿಸುತ್ತೇವೆಂದು ಹಣ ಕೇಳುವವರನ್ನು ನಂಬಬೇಡಿರಿ.

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳಿಂದ ಬೆಂಗಳೂರಿನ ನಿಮ್ಹಾನ್ಸ್ 500 ಕಿಲೋಮೀಟರಿಗೂ ದೂರ. ಆದರೆ 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರು ಅಂಗನವಾಡಿ, ಸರ್ಕಾರಿ ಶಾಲೆಗಳಿಗೇ ಬರುತ್ತಾರೆ. ಆ ದಿನ ಮಗುವನ್ನು ಮನೆಯಲ್ಲಿ ಬಚ್ಚಿಡುವುದೇಕೆ? 2016ರ ವಿಕಲಚೇತನರ ಹಕ್ಕುಗಳ ಕಾಯಿದೆಯಲ್ಲಿ ಆಟಿಸಂ ಕೂಡ ಸೇರಿದೆ, ಕೇಳುವುದು ಭಿಕ್ಷೆಯಲ್ಲ.

ಇನ್ನು ನಮ್ಮ ದೇವಾಲಯ. ಬಲಿಪೂಜೆಯ ನಡುವೆ ಅತ್ತಿಂದಿತ್ತ ನಡೆಯುವ ಮಗುವಿನತ್ತ ತಿರುಗಿ ನೋಡುವುದನ್ನು ನಿಲ್ಲಿಸೋಣ. ಧ್ವನಿವರ್ಧಕದಿಂದ ದೂರದ, ಬಾಗಿಲ ಬಳಿಯ ಬೆಂಚು ಆ ಕುಟುಂಬಕ್ಕಿರಲಿ.