ಹಳೆಯ ಮನೆಯ ವಿದ್ಯುತ್ ತಂತಿ: ಬಣ್ಣಕ್ಕಿಂತ ಮೊದಲು ಭೂಸಂಪರ್ಕ

ಹಳ್ಳಿಯಲ್ಲಿ ಹಳೆಯ ಮನೆಯನ್ನು ದುರಸ್ತಿ ಮಾಡಿಸುವ ಯಜಮಾನರು ಮೊದಲು ನೋಡುವುದು ಮಾಡು, ನೆಲ ಮತ್ತು ಗೋಡೆಯ ಬಣ್ಣವನ್ನು. ಗೋಡೆಯ ಮೇಲಿನ ಮರದ ಹಲಗೆ, ಅದರಲ್ಲಿರುವ ಕಬ್ಬಿಣದ ಮೇನ್ ಸ್ವಿಚ್ಚು, ಪಿಂಗಾಣಿ ಫ್ಯೂಸುಗಳು ಇದ್ದಂತೆಯೇ ಉಳಿಯುತ್ತವೆ. ದೀಪ ಉರಿಯುತ್ತಿದೆಯಲ್ಲ, ಇನ್ನೇನು ಬೇಕು ಎಂಬ ಭಾವನೆ. ಈ ಭಾವನೆ ಅಪಾಯಕರವಾದದ್ದು ಎಂಬುದು ನನ್ನ ಖಚಿತ ಅಭಿಪ್ರಾಯ. ನಾನು ಬೇಸಾಯಶಾಸ್ತ್ರದವನು, ತಂತಿ ಎಳೆಯುವುದು ನನ್ನ ಕಸುಬಲ್ಲ. ಆದರೆ ರೈತನ ಮನೆ, ಕೊಟ್ಟಿಗೆ, ಅಟ್ಟ ಇವೂ ಬೇಸಾಯದ ಅಂಗಗಳೇ ಆದುದರಿಂದ ಈ ಮಾತನ್ನು ಇಲ್ಲಿ ಹೇಳಬೇಕಾಗಿದೆ.

ಸ್ವಲ್ಪ ಲೆಕ್ಕ ಹಾಕಿ ನೋಡೋಣ. 1970 ಮತ್ತು 1980ರ ದಶಕಗಳಲ್ಲಿ ವಿದ್ಯುತ್ ಪಡೆದ ಮನೆಯಲ್ಲಿ 60 ವಾಟಿನ ಐದು ಬಲ್ಬುಗಳಿದ್ದರೆ ಒಟ್ಟು ಹೊರೆ 300 ವಾಟ್. 230 ವೋಲ್ಟಿನಲ್ಲಿ ಅದು ಎಳೆಯುವ ಪ್ರವಾಹ ಸುಮಾರು 1.3 ಆಂಪಿಯರ್. ಅದೇ ಮನೆಯಲ್ಲಿ ಇಂದು ಬೆಳಿಗ್ಗೆ ಗೀಸರಿಗೆ 2,000, ಮಿಕ್ಸಿಗೆ 500, ಫ್ರಿಜ್ಜಿಗೆ 200, ನೀರೆತ್ತುವ ಮೋಟಾರಿಗೆ 1,000 ವಾಟ್ ಬೇಕೆಂದಿಟ್ಟುಕೊಳ್ಳಿ. ಒಟ್ಟು 3,700 ವಾಟ್, ಅಂದರೆ 16 ಆಂಪಿಯರ್. ತಂತಿಯಲ್ಲಿ ಹುಟ್ಟುವ ಶಾಖವು ಪ್ರವಾಹದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಪ್ರವಾಹ ಹನ್ನೆರಡು ಪಟ್ಟು ಹೆಚ್ಚಿದರೆ ಶಾಖ ಸುಮಾರು 150 ಪಟ್ಟು ಹೆಚ್ಚುತ್ತದೆ. ತಾತನ ಕಾಲದ ತಂತಿ ಇದನ್ನು ಎಷ್ಟು ದಿನ ತಾಳೀತು?

ಹಳೆಯ ತಂತಿಯ ರಬ್ಬರ್ ಹೊದಿಕೆ ಒಣಗಿ ಉದುರುತ್ತದೆ. ಮರದ ಪಟ್ಟಿಗೆ ಗೆದ್ದಲು ಹಿಡಿಯುತ್ತದೆ, ಅಟ್ಟದ ಇಲಿ ತಂತಿಯನ್ನು ಕಡಿಯುತ್ತದೆ. ಅಲ್ಯೂಮಿನಿಯಂ ತಂತಿಯಾದರೆ ಜೋಡಣೆಗಳು ಕಾಲಕ್ರಮದಲ್ಲಿ ಸಡಿಲವಾಗಿ ಅಲ್ಲಿಯೇ ಬಿಸಿಯೇರುತ್ತವೆ. ಹುಲ್ಲು, ಕೊಬ್ಬರಿ, ಹತ್ತಿ ತುಂಬಿದ ಮನೆಯಲ್ಲಿ ಒಂದು ಕಿಡಿಯ ಪರಿಣಾಮವನ್ನು ತಮಗೆ ವಿವರಿಸಬೇಕಾಗಿಲ್ಲ.

ಇಂತಹ ಮನೆಯಲ್ಲಿ ಫ್ಯೂಸು ಪದೇ ಪದೇ ಹೋಗುತ್ತದೆ. ಆಗ ಕೈಗೆ ಸಿಕ್ಕ ದಪ್ಪ ತಂತಿಯನ್ನು ಅದಕ್ಕೆ ಸುತ್ತುವುದು ರೂಢಿ. ಹಾಗೆ ಮಾಡಿದ ಮೇಲೆ ಕರಗುವುದು ಫ್ಯೂಸಲ್ಲ, ಗೋಡೆಯೊಳಗಿನ ತಂತಿ. ಹಳೆಯ ತಂತಿಯನ್ನು ಹಾಗೆಯೇ ಬಿಟ್ಟು, ಹೊಸ ಪೆಟ್ಟಿಗೆಯಲ್ಲಿ 32 ಆಂಪಿಯರಿನ ಎಂ.ಸಿ.ಬಿ. ಕೂರಿಸುವುದೂ ಇದೇ ತಪ್ಪಿನ ಸುಧಾರಿತ ರೂಪ. ಸಾರಜನಕ ಎಷ್ಟು ಕೊಟ್ಟರೂ ಮಣ್ಣಿನಲ್ಲಿ ರಂಜಕದ ಕೊರತೆಯಿದ್ದರೆ ಇಳುವರಿ ಆ ಕೊರತೆಗೇ ಕಟ್ಟುಬೀಳುತ್ತದೆಂಬುದು ತಮಗೆ ತಿಳಿದದ್ದೇ. ಇಲ್ಲಿಯೂ ಹಾಗೆಯೇ, ಎಂ.ಸಿ.ಬಿ.ಯನ್ನು ಅತ್ಯಂತ ಸಣ್ಣ ತಂತಿಯ ಶಕ್ತಿಗೆ ತಕ್ಕಂತೆ ಆರಿಸಬೇಕು.

ಎಂ.ಸಿ.ಬಿ. ತಂತಿಯನ್ನು ಕಾಯುತ್ತದೆ, ಮನುಷ್ಯನನ್ನಲ್ಲ ಎಂಬುದನ್ನೂ ನೆನಪಿಡಬೇಕು. ಒದ್ದೆ ಮೈಯ ವಿದ್ಯುತ್ ರೋಧ ಸುಮಾರು 1,000 ಓಮ್ ಎಂದಿಟ್ಟುಕೊಂಡರೆ ಅದರ ಮೂಲಕ ಹರಿಯುವುದು 230 ಮಿಲಿ ಆಂಪಿಯರ್. ಪ್ರಾಣ ತೆಗೆಯಲು ಇಷ್ಟು ಧಾರಾಳವಾಗಿ ಸಾಕು. ಆದರೆ 6 ಆಂಪಿಯರಿನ ಎಂ.ಸಿ.ಬಿ.ಗೆ ಇದು ಲೆಕ್ಕಕ್ಕೇ ಬರುವುದಿಲ್ಲ. ಈ ಕೆಲಸಕ್ಕೆ ಬೇಕಾದದ್ದು 30 ಮಿಲಿ ಆಂಪಿಯರಿನ ಆರ್.ಸಿ.ಸಿ.ಬಿ. ಹೋದ ಪ್ರವಾಹಕ್ಕೂ ಹಿಂದಿರುಗಿದ ಪ್ರವಾಹಕ್ಕೂ ವ್ಯತ್ಯಾಸ ಕಂಡೊಡನೆ ಇದು ಸಂಪರ್ಕವನ್ನು ಕಡಿಯುತ್ತದೆ. ಹಳೆಯ, ತೇವದ ಗೋಡೆಗಳ ಮನೆಯಲ್ಲಿ ಇದು ಮೇಲಿಂದ ಮೇಲೆ ಬೀಳಬಹುದು. ಅದು ಸಾಧನದ ದೋಷವಲ್ಲ. ಎಲ್ಲೋ ಸೋರಿಕೆಯಿದೆ ಎಂಬ ಎಚ್ಚರಿಕೆ. ಸೋರಿಕೆಯನ್ನು ಹುಡುಕಿಸಬೇಕೇ ಹೊರತು ಸಾಧನವನ್ನು ಕಿತ್ತು ಹಾಕಿಸಬಾರದು.

ಇನ್ನು ಭೂಸಂಪರ್ಕ. ಅನೇಕ ಮನೆಗಳಲ್ಲಿ ಅರ್ಥ್ ತಂತಿಯನ್ನು ಹಿಂದೆ ಕಬ್ಬಿಣದ ನೀರಿನ ಕೊಳವೆಗೆ ಸುತ್ತಿರುತ್ತಿದ್ದರು. ಈಗ ಕೊಳವೆ ಪ್ಲಾಸ್ಟಿಕ್ ಆಗಿದೆ. ತಂತಿ ಇದ್ದರೂ ಭೂಸಂಪರ್ಕವಿಲ್ಲ. ಕೆಲವರು ಪ್ಲಗ್ಗಿನಲ್ಲಿ ಅರ್ಥ್ ಪಿನ್ನಿಗೆ ನ್ಯೂಟ್ರಲ್ ತಂತಿಯನ್ನೇ ಜೋಡಿಸಿ ಕೆಲಸ ಮುಗಿಸುತ್ತಾರೆ. ಎಲ್ಲಿಯಾದರೂ ನ್ಯೂಟ್ರಲ್ ತುಂಡಾದರೆ ಸಾಕು, ಫ್ರಿಜ್ಜಿನ ಇಡೀ ಮೈಗೆ ವಿದ್ಯುತ್ ಬರುತ್ತದೆ. ಒದ್ದೆ ನೆಲದ ಮೇಲೆ ಬರಿಗಾಲಿನಲ್ಲಿ ನಿಂತು ಅದನ್ನು ಮುಟ್ಟುವವರು ಮನೆಯ ಹೆಣ್ಣುಮಕ್ಕಳು.

ಕೊಟ್ಟಿಗೆಯಲ್ಲಿ ಅಪಾಯ ಇನ್ನೂ ಹೆಚ್ಚು. ನೆಲ ಸದಾ ಗಂಜಲದಿಂದ ಒದ್ದೆ. ಹಸುವಿನ ಮುಂಗಾಲಿಗೂ ಹಿಂಗಾಲಿಗೂ ಅಂತರ ಹೆಚ್ಚಿರುವುದರಿಂದ ನೆಲದಲ್ಲಿ ಹರಿಯುವ ಸೋರಿಕೆ ಪ್ರವಾಹ ಅದರ ಮೈಯಲ್ಲಿ ಸುಲಭವಾಗಿ ಹಾಯುತ್ತದೆ. ಮನುಷ್ಯನಿಗೆ ಅಷ್ಟಾಗಿ ತಿಳಿಯದ ವಿದ್ಯುತ್ತೂ ರಾಸುವಿಗೆ ಮಾರಕವಾದೀತು. ಮೇವು ಕತ್ತರಿಸುವ ಯಂತ್ರಕ್ಕೆ, ಹಾಲು ಕರೆಯುವ ಯಂತ್ರಕ್ಕೆ ಮನೆಯಿಂದ ಉದ್ದನೆಯ ವೈರು ಎಳೆಯುವ ಪದ್ಧತಿ ನಿಲ್ಲಬೇಕು. ಕೊಟ್ಟಿಗೆಗೆ ಪ್ರತ್ಯೇಕ ಸರ್ಕ್ಯೂಟೇ ಇರಬೇಕು.

ಇಷ್ಟಕ್ಕೆಲ್ಲ ಹಣವೆಲ್ಲಿ ಎಂದು ತಾವು ಕೇಳಬಹುದು. ಪ್ರಶ್ನೆ ನ್ಯಾಯವಾದದ್ದೇ. ಎಲ್ಲವನ್ನೂ ಒಂದೇ ಸಲ ಮಾಡಿಸಬೇಕಾಗಿಲ್ಲ, ಆದರೆ ಕ್ರಮ ತಪ್ಪಬಾರದು. ಮೊದಲ ಹಂತದಲ್ಲಿ 2.5 ಮೀಟರ್ ಉದ್ದದ ಕಲಾಯಿ ಕೊಳವೆಯನ್ನು ಹೂಳಿಸಿ, ಇದ್ದಿಲು ಮತ್ತು ಉಪ್ಪು ತುಂಬಿಸಿ ಸರಿಯಾದ ಭೂಸಂಪರ್ಕ ಮಾಡಿಸಿರಿ. ಬೇಸಿಗೆಯಲ್ಲಿ ಆ ಗುಂಡಿಗೆ ನೀರು ಹಾಕುತ್ತಿರಿ. ಜೊತೆಗೇ ಆರ್.ಸಿ.ಸಿ.ಬಿ. ಹಾಕಿಸಿರಿ, ಅದರ ಪರೀಕ್ಷಾ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಿ ನೋಡಿರಿ. ಎರಡನೆಯ ಹಂತದಲ್ಲಿ ಹೆಚ್ಚು ವಿದ್ಯುತ್ ಎಳೆಯುವ ಉಪಕರಣಗಳಿಗೆ ಪ್ರತ್ಯೇಕ ತಾಮ್ರದ ತಂತಿ ಎಳೆಸಿರಿ: ಗೀಸರಿಗೆ 4, ದೊಡ್ಡ ಪ್ಲಗ್ಗುಗಳಿಗೆ 2.5 ಚದರ ಮಿಲಿಮೀಟರ್. ದೀಪಗಳ ತಂತಿ ಕೊನೆಯಲ್ಲಿ, ಅದಕ್ಕೆ 1.5 ಸಾಕು. ಎಲ್ಲ ಪ್ಲಗ್ಗುಗಳಿಗೂ ಮೂರನೆಯ ಹಸಿರು ತಂತಿ ಕಡ್ಡಾಯವಾಗಿರಲಿ. ಕೆಲಸವನ್ನು ಪರವಾನಗಿ ಪಡೆದ ಗುತ್ತಿಗೆದಾರರಿಗೇ ವಹಿಸಿರಿ. ಹೊರೆ ಹೆಚ್ಚಿದ್ದರೆ ವಿದ್ಯುತ್ ಕಂಪನಿಯ ಉಪವಿಭಾಗ ಕಚೇರಿಗೆ ಅರ್ಜಿ ಕೊಡಿರಿ.

ಬೀಜೋಪಚಾರಕ್ಕೆ ಖರ್ಚು ಮಾಡಿದ್ದು ಬೆಳೆಯಲ್ಲಿ ಕಣ್ಣಿಗೆ ಕಾಣುವುದಿಲ್ಲ. ರೋಗ ಬಾರದಿರುವುದೇ ಅದರ ಫಲ. ಭೂಸಂಪರ್ಕಕ್ಕೆ ಮಾಡಿದ ಖರ್ಚೂ ಅಂಥದೇ. ಈ ವರ್ಷ ಸುಗ್ಗಿಯ ಹಣ ಕೈಸೇರಿದಾಗ ಗೋಡೆಗೆ ಬಣ್ಣ ಬಳಿಸುವ ಮೊದಲು ಮೇನ್ ಸ್ವಿಚ್ಚಿನ ಹಲಗೆಯನ್ನು ತೋರಿಸಿ, ಬಲ್ಲವರಿಂದ ಪರೀಕ್ಷೆ ಮಾಡಿಸಿರೆಂದು ರೈತ ಬಾಂಧವರಲ್ಲಿ ನನ್ನ ವಿನಂತಿ.